ಅಂತರ್ಜಾಲದ ಹಂಚಿಕೆಯೂ ಗೃಹಸ್ಥಧರ್ಮವೂ

ಹಂಚಿಕೊಂಡು ಬಾಳುವ ಪಾಠವನ್ನು ನಮ್ಮ ನಾಡಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬಾವಿ ಒಬ್ಬನ ಹೊಲದಲ್ಲಿದ್ದರೂ ಬೇಸಗೆಯಲ್ಲಿ ಅದರ ನೀರು ಓಣಿಗೆಲ್ಲ ಸಲ್ಲುತ್ತಿತ್ತು. ಒಂದು ಮನೆಯ ಕೆಂಡದಿಂದ ನೆರೆಮನೆಯ ಒಲೆ ಹೊತ್ತುತ್ತಿತ್ತು. ಒಂದು ಮನೆಯ ಮಜ್ಜಿಗೆ ನಾಲ್ಕು ಮನೆಗಳ ಹಾಲಿಗೆ ಹೆಪ್ಪಾಗುತ್ತಿತ್ತು. 1987ರಲ್ಲಿ ದೂರದರ್ಶನವು ರಾಮಾಯಣ ಧಾರಾವಾಹಿಯನ್ನು ಬಿತ್ತರಿಸತೊಡಗಿದಾಗ ಎಷ್ಟೋ ಹಳ್ಳಿಗಳಲ್ಲಿ ಊರಿಗೊಂದೇ ಪೆಟ್ಟಿಗೆ. ಭಾನುವಾರ ಬೆಳಗಾದರೆ ಆ ಮನೆಯ ಪಡಸಾಲೆ ಊರಿನ ಚಾವಡಿಯೇ ಆಗಿಬಿಡುತ್ತಿತ್ತು. ಈಗ ನಮ್ಮ ಮನೆಗಳಿಗೆ ಇನ್ನೊಂದು ಸಂಪತ್ತು ಬಂದಿದೆ. ಅದೇ ಅಂತರ್ಜಾಲ. ಇದು ಬಾವಿಯಂತೆ ಕಣ್ಣಿಗೆ ಕಾಣುವುದಿಲ್ಲ, ಕೆಂಡದಂತೆ ಕೈಗೆ ತಾಗುವುದಿಲ್ಲ. ಕರೆಯದಿದ್ದರೂ ಗೋಡೆ ದಾಟಿ ನೆರೆಮನೆಯವರೆಗೆ ಹಬ್ಬುತ್ತದೆ. ಇದನ್ನು ಹಂಚಬೇಕೆ? ಹಂಚುವುದಾದರೆ ಯಾರಿಗೆ, ಎಷ್ಟು, ಯಾವ ಕಟ್ಟುಪಾಡಿನೊಳಗೆ? ಈ ಪ್ರಶ್ನೆಗಳು ತಂತ್ರಜ್ಞರಿಗೆ ಮಾತ್ರ ಸೇರಿದವಲ್ಲ. ಗೃಹಸ್ಥರಾದ ನಮ್ಮೆಲ್ಲರಿಗೂ ಸೇರಿದವು. ಆದುದರಿಂದಲೇ ಹಳಗನ್ನಡ ಪಾಠ ಹೇಳುವವನಾದರೂ ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯಲು ಮನಸ್ಸು ಮಾಡಿದ್ದೇನೆ.

ಮೊದಲು ಹೆಸರಿನ ವಿಚಾರ. ತಂತಿಯಿಲ್ಲದೆ ಸಂಪರ್ಕ ಬೆಸೆಯುವ ಈ ವಿಧಾನಕ್ಕೆ ಕನ್ನಡದಲ್ಲಿ 'ನಿಸ್ತಂತು' ಎಂಬ ಅಚ್ಚುಕಟ್ಟಾದ ಮಾತಿದೆ. ಜನರ ಬಾಯಲ್ಲಿ ನೆಲೆಗೊಂಡಿರುವುದು 'ವೈ-ಫೈ'. ಅದು 1999ರಲ್ಲಿ ವ್ಯಾಪಾರದ ಅನುಕೂಲಕ್ಕಾಗಿ ಕಟ್ಟಿದ ಹೆಸರು. ಬಿಡಿಸಿ ಹೇಳುವಂಥ ವಿಸ್ತಾರರೂಪ ಅದಕ್ಕೆ ಇಲ್ಲ. ಹೆಸರು ಹೊಸದಾದರೂ ವಿದ್ಯೆ ತೀರ ಹೊಸದಲ್ಲ. 1895ರಲ್ಲಿಯೇ ಜಗದೀಶಚಂದ್ರ ಬೋಸರು ಕೋಲ್ಕತ್ತೆಯಲ್ಲಿ ಗೋಡೆಗಳಾಚೆಗೆ ವಿದ್ಯುತ್ಕಾಂತ ತರಂಗಗಳನ್ನು ಕಳುಹಿಸಿ ಗಂಟೆ ಬಾರಿಸಿ ತೋರಿಸಿದ್ದರು. 1971ರಲ್ಲಿ ಹವಾಯಿ ದ್ವೀಪಗಳಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು ಬೇರೆ ಬೇರೆ ದ್ವೀಪಗಳ ಗಣಕಯಂತ್ರಗಳನ್ನು ರೇಡಿಯೋ ತರಂಗಗಳ ಮೂಲಕ ಜೋಡಿಸಿದರು. 1997ರಲ್ಲಿ ಮನೆ ಮತ್ತು ಕಚೇರಿಗಳಿಗೆ ಒಪ್ಪುವ ನಿಸ್ತಂತು ಜಾಲಕ್ಕೆ ಅಂತರರಾಷ್ಟ್ರೀಯ ಮಾನಕವೊಂದು ಸಿದ್ಧವಾಯಿತು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಲಭ್ಯವಾದುದು 1995ರ ಆಗಸ್ಟ್ 15ರಂದು. 2.4 ಗಿಗಾಹರ್ಟ್ಸ್ ತರಂಗಗುಚ್ಛವನ್ನು ಪರವಾನಗಿಯಿಲ್ಲದೆ ಬಳಸಲು 2005ರಲ್ಲಿಯೂ, 5 ಗಿಗಾಹರ್ಟ್ಸಿನ ವಿಶಾಲ ಭಾಗವನ್ನು ಹಾಗೆಯೇ ಬಳಸಲು 2018ರಲ್ಲಿಯೂ ಸರಕಾರ ಅನುಮತಿಸಿತು. ಗೋಮಾಳದಂತೆ ಆಕಾಶದ ಒಂದು ಪಟ್ಟಿಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದಲೇ ಇಂದು ಸಾಮಾನ್ಯನ ಮನೆಯಲ್ಲಿಯೂ ಈ ಪೆಟ್ಟಿಗೆ ಕುಳಿತಿದೆ.

ಈ ಪೆಟ್ಟಿಗೆ ಅಥವಾ ರೂಟರಿನ ನಡೆಯಲ್ಲಿ ನಾವು ಗಮನಿಸಬೇಕಾದ ಎರಡು ಗುಣಗಳಿವೆ. ಮೊದಲನೆಯದು ಅದರ ಸಭಾಮರ್ಯಾದೆ. ಒಂದೇ ತರಂಗದಲ್ಲಿ ಹತ್ತು ಗಣಕಯಂತ್ರಗಳು ಮಾತಾಡಬೇಕು. ಎಲ್ಲವೂ ಒಮ್ಮೆಲೇ ಬಾಯ್ದೆರೆದರೆ ಯಾರ ಮಾತೂ ಯಾರಿಗೂ ತಿಳಿಯದು. ಆದುದರಿಂದ ಪ್ರತಿಯೊಂದು ಯಂತ್ರವೂ ಮೊದಲು ಕಿವಿಗೊಟ್ಟು ಕೇಳುತ್ತದೆ. ಬೇರೊಂದು ಮಾತಾಡುತ್ತಿದ್ದರೆ ಸುಮ್ಮನಿರುತ್ತದೆ. ಮೌನವಾದ ಮೇಲೂ ಒಂದಿಷ್ಟು ತಡೆದು ತನ್ನ ಮಾತನ್ನು ಕಳುಹಿಸುತ್ತದೆ. ಮಾತುಗಳು ಡಿಕ್ಕಿ ಹೊಡೆದರೆ ಹಿಂದೆ ಸರಿದು ಮತ್ತೆ ಯತ್ನಿಸುತ್ತದೆ. ಕಟ್ಟೆಯ ಮೇಲೆ ಕುಳಿತ ಹಿರಿಯರ ಪಂಚಾಯಿತಿಯಲ್ಲಿ ಇಷ್ಟು ಸಂಯಮ ಇದ್ದಿದ್ದರೆ ಎಷ್ಟೋ ವ್ಯಾಜ್ಯಗಳು ಅಲ್ಲಿಯೇ ತೀರುತ್ತಿದ್ದವು! ಎರಡನೆಯದು ಅದರ ಯಜಮಾನಿಕೆ. ಮನೆಯೊಳಗೆ ಎಷ್ಟು ಯಂತ್ರಗಳಿದ್ದರೂ ಸಾಮಾನ್ಯವಾಗಿ ಹೊರಜಗತ್ತಿಗೆ ಕಾಣುವ ವಿಳಾಸ ಒಂದೇ. ಅವಿಭಕ್ತ ಕುಟುಂಬಕ್ಕೆ ಬಂದ ಅಂಚೆಯೆಲ್ಲ ಮನೆಯ ಯಜಮಾನನ ಹೆಸರಿಗೆ ತಲಪಿ, ಆತ ಅದನ್ನು ಒಳಗಿನವರಿಗೆ ಹಂಚುವಂತೆ, ರೂಟರು ಹೊರಗಿನಿಂದ ಬಂದುದನ್ನು ಯಾರು ಕೇಳಿದ್ದರೋ ಅವರಿಗೆ ಮುಟ್ಟಿಸುತ್ತದೆ. ಹಳೆಯ ಪದ್ಧತಿಯ ಅಂತರ್ಜಾಲ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 429 ಕೋಟಿ ಮಾತ್ರ. ಇಷ್ಟರಲ್ಲಿ ಲೋಕದ ಯಂತ್ರಗಳೆಲ್ಲ ಬದುಕಬೇಕಾದುದರಿಂದ ಈ ಒಟ್ಟುಕುಟುಂಬದ ಏರ್ಪಾಡು ಬೆಳೆದುಬಂತು. ಈ ಎರಡನೆಯ ಗುಣವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ನನ್ನ ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಮನೆಯೊಳಗಿನ ಹಂಚಿಕೆಗೆ ಹೆಚ್ಚಿನ ವಿದ್ಯೆ ಬೇಡ. ರೂಟರನ್ನು ಮೂಲೆಯ ಕಪಾಟಿನೊಳಗೆ ಇಡದೆ ಮನೆಯ ನಡುಭಾಗದಲ್ಲಿ, ಆಳೆತ್ತರದಲ್ಲಿ ಇಟ್ಟರೆ ಸಾಕು. ನಮ್ಮ ಭಾಗದ ಕಲ್ಲುಗೋಡೆಯ ಮಾಳಿಗೆಮನೆಗಳಲ್ಲಿ ತರಂಗಗಳು ಬೇಗ ಕುಗ್ಗುತ್ತವೆ. 5 ಗಿಗಾಹರ್ಟ್ಸಿನ ತರಂಗ ವೇಗವುಳ್ಳದ್ದಾದರೂ ದಪ್ಪ ಗೋಡೆಯ ಮುಂದೆ ಸೋಲುತ್ತದೆ, 2.4ರದು ವೇಗದಲ್ಲಿ ಹಿಂದಾದರೂ ದೂರ ನಡೆಯುತ್ತದೆ. ಅಂಗಳದಲ್ಲಿ ಕುಳಿತು ಓದುವ ಹುಡುಗನಿಗೆ ಎರಡನೆಯದೇ ಹಿತ. ವಿದ್ಯುತ್ತು ಹೋದಾಗ ಪೆಟ್ಟಿಗೆ ಆರದಂತೆ ಚಿಕ್ಕದೊಂದು ಬ್ಯಾಟರಿ ಇದ್ದರೆ ಇನ್ನೂ ಉತ್ತಮ. ಇವೆಲ್ಲ ಸಣ್ಣ ಮಾತುಗಳು. ದೊಡ್ಡ ಮಾತು ಹೊಸ್ತಿಲಾಚೆಗೆ ಆರಂಭವಾಗುತ್ತದೆ.

ಯಾಪಲದಿನ್ನಿಯಂಥ ಗಡಿಗ್ರಾಮವನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ಊರ ಹೆಸರಿನಲ್ಲಿಯೇ ಎರಡು ನುಡಿಗಳ ನೆರೆತನ ಕೇಳಿಸುತ್ತದೆ: ತೆಲುಗಿನ ಆಡುಮಾತಿನಲ್ಲಿ 'ಯಾಪ' ಎಂದರೆ ಬೇವು, 'ದಿನ್ನೆ' ಎಂದರೆ ಎತ್ತರದ ನೆಲ. ಬೇವಿನ ದಿನ್ನೆ ಎಂದು ಅರ್ಥ ಮಾಡಿಕೊಂಡರೆ ತಪ್ಪಾಗಲಾರದು. ಇಂಥ ಊರುಗಳ ಮಗುವಿಗೆ ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು, ಪರೀಕ್ಷೆಯ ಹೊತ್ತಿಗೆ ಮೂರನೆಯದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75ನ್ನು ಮೀರಿದ್ದಾಗ ನಮ್ಮ ರಾಯಚೂರು ಜಿಲ್ಲೆಯದು 60ನ್ನು ಮುಟ್ಟಿರಲಿಲ್ಲ. ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸಿ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡಬೇಕಾಗಿ ಬಂದುದೂ ಈ ಹಿಂದುಳಿದಿರುವಿಕೆಯ ಕಾರಣದಿಂದಲೇ. ಅಕ್ಷರದ ದಾರಿಯಲ್ಲಿ ಹಿಂದೆ ಬಿದ್ದವರು ಅಂತರ್ಜಾಲದ ದಾರಿಯಲ್ಲಿಯೂ ಹಿಂದೆ ಬಿದ್ದರೆ ಆ ಅಂತರ ಇಮ್ಮಡಿಯಾಗುತ್ತದೆ.

"ಈಗ ಎಲ್ಲರ ಕೈಯಲ್ಲಿಯೂ ಮೊಬೈಲಿದೆಯಲ್ಲ, ಇನ್ನೇನು ಕೊರತೆ?" ಎಂದು ಕೇಳುವವರುಂಟು. ಇದ್ದದ್ದು ನಿಜ, ಆದರೆ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ, ಮತ್ತು ಅದು ಬೆಳಗಾಗುತ್ತಲೇ ಯಜಮಾನನ ಜೇಬಿನಲ್ಲಿ ಹೊಲಕ್ಕೋ ದುಡಿಮೆಯ ಊರಿಗೋ ಹೊರಟುಹೋಗುತ್ತದೆ. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಈ ಸತ್ಯ ಎಲ್ಲರಿಗೂ ಗೋಚರವಾಯಿತು. ಮಲೆನಾಡಿನ ಮಕ್ಕಳು ಸಂಪರ್ಕವನ್ನು ಅರಸಿ ಗುಡ್ಡ ಹತ್ತಿದರು. 2021ರ ಮಳೆಗಾಲದಲ್ಲಿ ಸುಳ್ಯದ ಕಡೆ ತಂದೆಯೊಬ್ಬರು ಕೊಡೆ ಹಿಡಿದು ನಿಂತಿದ್ದ ಕೆಳಗೆ ಮಗಳು ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಚಿತ್ರವನ್ನು ನಾಡೆಲ್ಲ ಕಂಡಿತು. ನಮ್ಮ ಸರಕಾರ ಮಕ್ಕಳಿದ್ದಲ್ಲಿಗೆ ಶಿಕ್ಷಕರನ್ನು ಕಳುಹಿಸುವ 'ವಿದ್ಯಾಗಮ'ವನ್ನು 2020ರಲ್ಲಿಯೇ ಆರಂಭಿಸಬೇಕಾಯಿತು. ಅದಕ್ಕೂ ಹಿಂದೆ, 2019ರಲ್ಲಿ, ಕಾಸರಗೋಡಿನ ಕನ್ನಡಿಗರಿಗೂ ಅನ್ವಯಿಸುವಂತೆ ಕೇರಳದ ಉಚ್ಚ ನ್ಯಾಯಾಲಯವು ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ತೀರ್ಪಿತ್ತಿತು. ಹಕ್ಕು ಕಾಗದದಲ್ಲಿ ದೊರೆತರೂ ಸಂಪರ್ಕ ಓಣಿಗೆ ಬರಬೇಕಲ್ಲ!

ಈ ಕೊರತೆಯ ನಡುವೆ ಓಣಿಯ ಒಂದು ಮನೆಯಲ್ಲಿ, ಹೆಚ್ಚಾಗಿ ಶಿಕ್ಷಕರದೋ ವ್ಯಾಪಾರಿಯದೋ ಮನೆಯಲ್ಲಿ, ತಿಂಗಳ ಬಾಡಿಗೆಯ ಅಂತರ್ಜಾಲವಿರುತ್ತದೆ. ಹಗಲಿನ ಬಹುಪಾಲು ಅದು ಬಳಕೆಯಿಲ್ಲದೆ ಕಳೆಯುತ್ತದೆ. ನೆರೆಯ ಮಗು ಬಂದು, "ಸರ್, ಪಾಸ್‌ವರ್ಡ್ ಹೇಳ್ರಿ" ಎಂದು ಕೇಳಿದರೆ ಏನು ಮಾಡಬೇಕು? ಇಲ್ಲಿ ಎರಡು ಪಕ್ಷಗಳಿವೆ. "ಹಣ ಕಟ್ಟಿದವನು ನಾನು, ಬೇರೆಯವರಿಗೇಕೆ ಕೊಡಲಿ?" ಎಂಬುದು ಮೊದಲನೆಯದು. "ಗಾಳಿಗೆ ಬೇಲಿಯುಂಟೆ? ಎಲ್ಲರಿಗೂ ತೆರೆದಿಡಿ, ಪಾಸ್‌ವರ್ಡನ್ನು ಬಾಗಿಲ ಮೇಲೆ ಬರೆದುಬಿಡಿ" ಎಂಬುದು ಎರಡನೆಯದು. ಮೊದಲ ಪಕ್ಷ ಲೋಭ. ಎರಡನೆಯದು ಔದಾರ್ಯದ ವೇಷ ತೊಟ್ಟ ಅಜಾಗರೂಕತೆ. ಎರಡನ್ನೂ ಬಿಟ್ಟು, ಕೊಡುವವನ ಹೊಣೆಯೂ ಪಡೆಯುವವನ ಮಿತಿಯೂ ಕೂಡಿದ ಹಂಚಿಕೆಯೇ ಯುಕ್ತವೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಅಜಾಗರೂಕತೆಯ ಫಲಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬುಗಳು ಸಿಡಿಯುವುದಕ್ಕೆ ಕೆಲವೇ ನಿಮಿಷಗಳ ಮುನ್ನ ಮಾಧ್ಯಮಗಳಿಗೆ ಬೆದರಿಕೆಯ ಮಿಂಚಂಚೆ ಬಂದಿತು. ಪೋಲೀಸರು ಜಾಡು ಹಿಡಿದು ಹೋದಾಗ ಮುಟ್ಟಿದುದು ನವಿ ಮುಂಬಯಿಯಲ್ಲಿ ನೆಲೆಸಿದ್ದ ವಿದೇಶೀಯರೊಬ್ಬರ ಮನೆಯನ್ನು. ಬೀಗವಿಲ್ಲದ ಅವರ ವೈ-ಫೈಯನ್ನು ದುಷ್ಟರು ಬಳಸಿಕೊಂಡಿದ್ದರು. ಮುಂದಿನ ವರ್ಷವೇ ದೂರಸಂಪರ್ಕ ಇಲಾಖೆಯು ನಿಸ್ತಂತು ಸಂಪರ್ಕಗಳನ್ನು ಭದ್ರಪಡಿಸುವಂತೆ ಸೂಚನೆ ಹೊರಡಿಸಿತು. ನಾನು ಮೇಲೆ ಹೇಳಿದ ಯಜಮಾನಿಕೆಯ ಗುಣ ಇಲ್ಲಿ ಎದುರು ನಿಲ್ಲುತ್ತದೆ. ಒಳಗೆ ಹತ್ತು ಜನರಿದ್ದರೂ ಹೊರಗೆ ಕಾಣುವ ವಿಳಾಸ ಮನೆಯ ಯಜಮಾನನದು. ಓಣಿಯ ಅಪರಿಚಿತನು ಆ ವಿಳಾಸದಿಂದ ಆಡಿದ ಹೊಲಸು ಮಾತಿಗೆ, ಮಾಡಿದ ಮೋಸಕ್ಕೆ ಮೊದಲು ಉತ್ತರಿಸಬೇಕಾದವನೂ ಅವನೇ. ಮನೆಯ ಹೆಸರನ್ನು ಸಾಲ ಕೊಡುವುದು ಹಣವನ್ನು ಸಾಲ ಕೊಟ್ಟಂತಲ್ಲ. ಹಣ ಮರಳಿ ಬರಬಹುದು, ಹೆಸರು ಮರಳುವುದು ಕಷ್ಟ.

ಹಾಗೆಂದು ಬಾಗಿಲು ಮುಚ್ಚುವುದೂ ಪರಿಹಾರವಲ್ಲ. ಬೀಗಕ್ಕೆ ಒಳ್ಳೆಯ ಕೀಲಿಕೈ ಇದ್ದರೆ ಬೇಕಾದವರಿಗೆ ಬಾಗಿಲು ತೆರೆಯಬಹುದು. ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. ಮನೆಯವರ ಹೆಸರು, ಹುಟ್ಟಿದ ವರ್ಷ ಮುಂತಾಗಿ ಊಹೆಗೆ ಸಿಗುವಂಥದನ್ನು ಇಡಬಾರದು. ರಕ್ಷಣೆಯ ಪದ್ಧತಿಗಳಲ್ಲಿ 'ಡಬ್ಲ್ಯೂಇಪಿ' ಎಂಬ ಹಳೆಯದು 2001ರಷ್ಟು ಹಿಂದೆಯೇ ಮುರಿದುಬಿದ್ದಿದೆ; 2004ರ 'ಡಬ್ಲ್ಯೂಪಿಎ-2' ಅಥವಾ 2018ರ 'ಡಬ್ಲ್ಯೂಪಿಎ-3' ಇರಬೇಕು. ಇವೆಲ್ಲಕ್ಕಿಂತ ಮುಖ್ಯವಾದುದು ಈಗಿನ ಅನೇಕ ರೂಟರುಗಳಲ್ಲಿರುವ ಅತಿಥಿಜಾಲದ ಅನುಕೂಲ. ಇದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡು. ಅತಿಥಿಯು ಅಂತರ್ಜಾಲವನ್ನು ಬಳಸಬಲ್ಲನು. ಮನೆಯ ಗಣಕಯಂತ್ರದೊಳಗಿನ ಕಾಗದಪತ್ರಗಳನ್ನು ಮುಟ್ಟಲಾರನು. ನಮ್ಮ ಹಿರಿಯರು ಪಡಸಾಲೆಯವರೆಗೆ ಎಲ್ಲರನ್ನೂ ಕರೆದು ಕೂರಿಸುತ್ತಿದ್ದರು. ದೇವರ ಕೋಣೆಗೂ ಕಣಜಕ್ಕೂ ಕದವಿತ್ತು. ಅದೇ ವಿವೇಕ ಇಲ್ಲಿಯೂ ಇದೆ.

ಹೊಣೆಯ ಮಾತಾಯಿತು, ಇನ್ನು ಮಿತಿಯ ಮಾತು. ಮಾನ್ವಿ, ರಾಯಚೂರು ಸೀಮೆಯ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರು ಹರಿಯುತ್ತದೆ. ಮೇಲಿನವರು ನಿಗದಿಯ ಬೆಳೆ ಬಿಟ್ಟು ಭತ್ತಕ್ಕೆ ನೀರು ನಿಲ್ಲಿಸಿಕೊಂಡರೆ ಕೊನೆಯ ಭಾಗದವರ ಹೊಲಕ್ಕೆ ಬರುವುದು ಒಣ ಕಾಲುವೆ. ನೀರು ಇಲ್ಲವೆಂದಲ್ಲ, ಅಳತೆ ಇಲ್ಲದ್ದರಿಂದ ಹಾಗಾಯಿತು. ಮನೆಯ ಅಂತರ್ಜಾಲವೂ ಇಂಥದೇ ಒಂದು ಕಾಲುವೆ. ಸೆಕೆಂಡಿಗೆ 40 ಮೆಗಾಬಿಟ್ಟಿನ ಸಂಪರ್ಕವೆಂದು ಇಟ್ಟುಕೊಳ್ಳಿ. ಪಾಠದ ದೃಶ್ಯವೊಂದಕ್ಕೆ ಸಾಧಾರಣವಾಗಿ ಒಂದೆರಡು ಮೆಗಾಬಿಟ್ಟು ಸಾಕು. ಹತ್ತು ಮಕ್ಕಳು ಏಕಕಾಲಕ್ಕೆ ಕೇಳಿದರೂ ಅರ್ಧ ಕಾಲುವೆ ಉಳಿಯುತ್ತದೆ. ಆದರೆ ಇಬ್ಬರು ಯುವಕರು ಭಾರಿ ಚಲನಚಿತ್ರಗಳನ್ನು ಇಳಿಸಿಕೊಳ್ಳತೊಡಗಿದರೆ ಹತ್ತೂ ಮಕ್ಕಳ ಪಾಠ ತಡವರಿಸಿ ನಿಲ್ಲುತ್ತದೆ. ಯಂತ್ರವು ಸರದಿಯನ್ನು ಪಾಲಿಸುತ್ತದೆ. ಯಾವುದು ಪಾಠ, ಯಾವುದು ವಿನೋದ ಎಂಬ ಅರಿವು ಅದಕ್ಕಿಲ್ಲ. ಆ ವಿವೇಚನೆ ಮನುಷ್ಯನದು.

ನಮ್ಮ ಜಿಲ್ಲೆಯದೇ ಆದ ಒಂದು ಕಥೆ ಇಲ್ಲಿ ನೆನಪಾಗುತ್ತದೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಆ ಹೆಚ್ಚಿನ ಪಾಲನ್ನು ಎಲ್ಲಿಂದ ತಂದಿದ್ದನೋ ಅಲ್ಲಿಯೇ ಸುರಿದು ಬರಲು ಹೇಳಿದಳೆಂಬುದು ಎಲ್ಲರೂ ಬಲ್ಲ ಸಂಗತಿ. ದಾಸೋಹವೆಂದರೆ ಕೊಡುವುದಷ್ಟೇ ಎಂದು ನಾವು ತಿಳಿದಿದ್ದೇವೆ. ಪಡೆಯುವವನು ತನ್ನ ಅಗತ್ಯದಷ್ಟನ್ನೇ ಪಡೆಯುವುದೂ ಅದರ ಅರ್ಧಭಾಗವೆಂದು ಆ ತಾಯಿ ತೋರಿಸಿಕೊಟ್ಟಳು. ಹಂಚಿದ ಅಂತರ್ಜಾಲಕ್ಕೆ ಇದಕ್ಕಿಂತ ಮಿಗಿಲಾದ ನಿಯಮ ನನಗೆ ತೋಚುವುದಿಲ್ಲ.

ಕಾನೂನಿನ ಮಗ್ಗುಲನ್ನೂ ನೋಡಬೇಕು. ಮನೆಬಳಕೆಗೆಂದು ಪಡೆದ ಸಂಪರ್ಕವನ್ನು ಹಣಕ್ಕೆ ಮಾರಲು ಸಾಮಾನ್ಯವಾಗಿ ಕಂಪನಿಗಳ ಕರಾರು ಒಪ್ಪುವುದಿಲ್ಲ. ಹೊರಗಿನವರಿಗೆ ಕೊಡುವ ಬಗ್ಗೆಯೂ ಕೆಲವು ಕರಾರುಗಳಲ್ಲಿ ನಿರ್ಬಂಧವಿರುತ್ತದೆ. ಓದಿ ನೋಡುವುದು ಲೇಸು. ಆದರೆ ನ್ಯಾಯವಾದ ರಾಜಮಾರ್ಗವೊಂದು ಈಗ ತೆರೆದಿದೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು 'ಪಿಎಂ-ವಾಣಿ' ಎಂಬ ಯೋಜನೆಗೆ ಒಪ್ಪಿಗೆಯಿತ್ತಿತು. ಕಿರಾಣಿ ಅಂಗಡಿಯವನಾಗಲಿ, ಚಹಾದಂಗಡಿಯವನಾಗಲಿ, ಪರವಾನಗಿಯಿಲ್ಲದೆ, ಶುಲ್ಕವಿಲ್ಲದೆ ಸಾರ್ವಜನಿಕ ವೈ-ಫೈ ಕೇಂದ್ರವನ್ನು ತೆರೆಯಬಹುದು. ಬಳಸುವವರ ಗುರುತು ದಾಖಲಾಗುವ ಏರ್ಪಾಡು ಅದರಲ್ಲಿಯೇ ಇದೆ. ಇಂಥ ಕೇಂದ್ರಕ್ಕೆ 'ಪಿಡಿಓ' ಎಂದು ಹೆಸರು. ನಮ್ಮಲ್ಲಿ ಪಿಡಿಓ ಎಂದರೆ ಪಂಚಾಯಿತಿಯ ಅಧಿಕಾರಿ. ಈ ಹೊಸ ಪಿಡಿಓವನ್ನು ಕಾಣಲು ಅರ್ಜಿ ಬರೆಯಬೇಕಾಗಿಲ್ಲವೆಂಬುದೇ ವಿಶೇಷ! ಇವರಿಂದ ಕಂಪನಿಗಳು ವಿಪರೀತ ದರ ಕೇಳುತ್ತಿದ್ದವೆಂಬ ತೊಡಕಿಗೂ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2025ರ ಜೂನ್ ತಿಂಗಳಲ್ಲಿ ಪರಿಹಾರ ಸೂಚಿಸಿ, ಅಷ್ಟೇ ಸಾಮರ್ಥ್ಯದ ಮನೆಸಂಪರ್ಕದ ದರಕ್ಕಿಂತ ಎರಡು ಪಟ್ಟಿಗೆ ಮೀರಬಾರದೆಂದು 200 ಮೆಗಾಬಿಟ್ಟಿನವರೆಗಿನ ಸಂಪರ್ಕಗಳಿಗೆ ಮಿತಿ ಹಾಕಿದೆ. ಗ್ರಾಮ ಪಂಚಾಯಿತಿಗಳಿಗೆ ನಾರುತಂತಿ ಎಳೆಯುವ ಕೇಂದ್ರದ ಯೋಜನೆಗೆ 2011ರಲ್ಲಿಯೇ ಮಂಜೂರಾತಿ ದೊರೆತು, ಅದಕ್ಕೆ 'ಭಾರತ್‌ನೆಟ್' ಎಂಬ ಹೆಸರು ಬಂದಿದೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತಿನ ಹಳ್ಳಿಗಳಲ್ಲಿ 'ಜನಸ್ತು' ಎಂಬ ಸಂಸ್ಥೆಯು ಹಳ್ಳಿಗರೇ ಒಡೆಯರಾಗುವಂಥ ವೈ-ಫೈ ಜಾಲವನ್ನು ಕಟ್ಟುವ ಪ್ರಯೋಗ ನಡೆಸಿದೆ. ಅಲ್ಲಿ ಸಾಧ್ಯವಾದುದು ಇಲ್ಲಿ ಅಸಾಧ್ಯವೆನ್ನಲು ಕಾರಣ ಕಾಣೆ.

ಇಷ್ಟೆಲ್ಲ ಪ್ರಯಾಸಪಟ್ಟು ಮಕ್ಕಳಿಗೆ ದೊರೆಯುವುದೇನು? ಕಾಡುಹರಟೆಯೂ ಜೂಜೂ ದೊರೆಯುತ್ತವೆಂಬ ಪೋಷಕರ ಭಯ ನಿರಾಧಾರವಲ್ಲ. ಅಂತೆಯೇ ಕಿಟ್ಟೆಲರು 1894ರಲ್ಲಿ ಹೊರತಂದ ನಿಘಂಟು ದೊರೆಯುತ್ತದೆ. ನಮ್ಮ ಕಾಲದಲ್ಲಿ ಅದನ್ನು ಕಣ್ಣಿನಿಂದ ಕಾಣಲು ದೊಡ್ಡ ಊರಿನ ಗ್ರಂಥಾಲಯಕ್ಕೆ ಹೋಗಬೇಕಿತ್ತು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಮಿಕ್ಕಿ ನಮೂದುಗಳುಳ್ಳ 'ಅಲರ್' ನಿಘಂಟು 2019ರಿಂದ ಎಲ್ಲರಿಗೂ ಉಚಿತವಾಗಿದೆ. 2003ರಲ್ಲಿ ಮೊದಲಾದ ಕನ್ನಡ ವಿಕಿಪೀಡಿಯ ಇದೆ. ಸರಕಾರದ ಪಠ್ಯಪುಸ್ತಕಗಳಿವೆ; 'ದೀಕ್ಷಾ' ಎಂಬ ವೇದಿಕೆಯಲ್ಲಿ ಪಾಠಗಳಿವೆ. ಇವುಗಳನ್ನು ಅಂಗೈಯಗಲದ ಮೊಬೈಲಿನಲ್ಲಿ ಓದುವುದಕ್ಕೂ ಗಣಕಯಂತ್ರದ ಮುಂದೆ ನಾಲ್ವರು ಕುಳಿತು ಚರ್ಚಿಸುತ್ತ ಓದುವುದಕ್ಕೂ ಬಹಳ ವ್ಯತ್ಯಾಸವಿದೆ. ಹಂಚಿದ ಸಂಪರ್ಕವು ಹಂಚಿದ ಓದನ್ನೂ ತಂದರೆ ಅದೇ ಅದರ ಸಾರ್ಥಕ್ಯ.

ಆದುದರಿಂದ ಈ ಸಂಚಿಕೆಯ ಓದುಗರ ಮುಂದೆ ಮೂರು ವಿನಂತಿಗಳನ್ನು ಇಡುತ್ತೇನೆ. ಶಿಕ್ಷಕಬಂಧುಗಳಲ್ಲಿ ಮೊದಲನೆಯದು: ಕರಾರು ಅನುಮತಿಸಿದಲ್ಲಿ ಸಂಜೆ ಆರರಿಂದ ಎಂಟರವರೆಗೆ ನಿಮ್ಮ ಮನೆಯ ಅತಿಥಿಜಾಲವನ್ನು ನೀವು ಬಲ್ಲ ನಾಲ್ಕೈದು ವಿದ್ಯಾರ್ಥಿಗಳಿಗೆ ತೆರೆದಿಡಿ. ಅವರ ಹೆಸರು ಒಂದು ವಹಿಯಲ್ಲಿರಲಿ, ಅವರು ಕಣ್ಣಳವಿಯಲ್ಲಿರಲಿ, ಪಾಸ್‌ವರ್ಡು ತಿಂಗಳಿಗೊಮ್ಮೆ ಬದಲಾಗಲಿ. ಹೆಣ್ಣುಮಕ್ಕಳಿಗೆ ಮೊದಲ ಸರದಿ ಇರಲಿ. ಮನೆಯ ಒಂದೇ ಮೊಬೈಲು ಕೊನೆಗೆ ಬರುವುದು ಅವರ ಕೈಗೆ. ಎರಡನೆಯದು ಹಳೆಯ ವಿದ್ಯಾರ್ಥಿಗಳಲ್ಲಿ: ಬೆಂಗಳೂರು, ಹೈದರಾಬಾದು, ಹೊರದೇಶಗಳಲ್ಲಿ ನೆಲೆಸಿರುವ ನೀವು ನಿಮ್ಮ ಹುಟ್ಟೂರಿನ ಒಂದು ಓಣಿಯ ಅಂಗಡಿಗೋ ಗ್ರಂಥಾಲಯಕ್ಕೋ 'ಪಿಎಂ-ವಾಣಿ' ಕೇಂದ್ರವನ್ನು ಕಟ್ಟಿಸಿಕೊಡಿ. ಸ್ಥಾಪನೆಯ ವಿಧಾನ ನಿಮಗೆ ಗೊತ್ತು, ನಮಗೆ ಗೊತ್ತಿಲ್ಲ. ಮೂರನೆಯದು ದಾನಿಗಳಲ್ಲಿ: ಗಣಕಯಂತ್ರಗಳನ್ನು ದಾನವಿತ್ತ ಕೈಗಳು ಅನೇಕ, ಆ ಯಂತ್ರಗಳ ತಿಂಗಳ ಸಂಪರ್ಕಶುಲ್ಕವನ್ನು ಕಟ್ಟುವ ಕೈಗಳು ವಿರಳ. ಕೊಠಡಿಗೆ ನಾಮಫಲಕ ಹಚ್ಚಬಹುದು, ತಿಂಗಳ ಬಿಲ್ಲಿಗೆ ಹಚ್ಚಲಾಗದು ಎಂಬುದು ಕಾರಣವಿರಬಹುದೇನೋ! ಸಂಪರ್ಕವಿಲ್ಲದ ಯಂತ್ರ ನೀರಿಲ್ಲದ ಬಾವಿ. ಹಗ್ಗ, ರಾಟೆ, ಕಟ್ಟೆ ಎಲ್ಲ ಇದ್ದರೂ ಬಾಯಾರಿಕೆ ಹಿಂಗದು. ಮೂರು ವರ್ಷದ ಶುಲ್ಕ, ಒಂದು ಒಳ್ಳೆಯ ರೂಟರು, ಒಂದು ಬ್ಯಾಟರಿ, ಇಷ್ಟನ್ನು ದಾನಪತ್ರದಲ್ಲಿ ಸೇರಿಸಿದರೆ ಮೊದಲು ಕೊಟ್ಟ ದಾನವೂ ಜೀವ ತಳೆಯುತ್ತದೆ.

ಕಣ್ಣಿಗೆ ಕಾಣದ ತರಂಗಕ್ಕೆ ಜಾತಿಯಿಲ್ಲ, ಗಡಿಯಿಲ್ಲ, ಕನ್ನಡ ತೆಲುಗು ಎಂಬ ಭೇದವಿಲ್ಲ. ಅದನ್ನು ಒಬ್ಬರ ಮನೆಯ ಗೋಡೆಯೊಳಗೆ ಕೂಡಿಹಾಕುವುದೂ, ಅನಾಥವಾಗಿ ಬೀದಿಗೆ ಬಿಡುವುದೂ ಎರಡೂ ನಮ್ಮ ಕೈಯಲ್ಲಿಯೇ ಇವೆ. ಹೊಣೆಯರಿತು ಕೊಡುವ ಗೃಹಸ್ಥರೂ ಮಿತಿಯರಿತು ಪಡೆಯುವ ಮಕ್ಕಳೂ ನಮ್ಮ ಊರುಗಳಲ್ಲಿ ಹೆಚ್ಚಲಿ. ಓಣಿಯ ಒಂದು ಮನೆಗೆ ಬಂದ ಬೆಳಕು ಅಕ್ಕಪಕ್ಕದ ಅಂಗಳಗಳಿಗೂ ಸಲ್ಲಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.